ನಾಲ್ಕನೇ ದರ್ಜೆಯ ಇಂಗ್ಲಿಷು

ಭಾರತದಿಂದ ಬಂದವಳೆಂದರೆ ಇಂಗ್ಲಿಷನ್ನು ಅರೆದು ಕುಡಿದವಳೇ ಇರಬೇಕು ಎಂಬ ನಂಬಿಕೆ ಚೀನಾದ ವುಹಾನಿನ ನಮ್ಮ ಲ್ಯಾಬಿನಲ್ಲಿ ನಾನು ಪಿಎಚ್‌ಡಿಗೆಂದು ಕಾಲಿಡುವ ಮುಂಚೆಯೇ ಬೇರುಬಿಟ್ಟಿತ್ತು. ತುಮಕೂರು ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಬಂದಮೇಲೆ ಎಬಿಸಿಡಿ ತಿದ್ದಿದವಳು ನಾನು. ಆ ವಿಚಾರ ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪರದೇಶದಲ್ಲಿ ಪುಕ್ಕಟೆ ಸಿಕ್ಕಿದ ಮರ್ಯಾದೆಯನ್ನು ಕೈಯಾರೆ ಕಳೆದುಕೊಳ್ಳುವಷ್ಟು ಸತ್ಯಹರಿಶ್ಚಂದ್ರನ ವಂಶ ನಮ್ಮದಲ್ಲ.

ಆ ಮರ್ಯಾದೆಗೆ ಬಾಡಿಗೆ ಕಟ್ಟುವ ದಿನ ಒಂದು ಮೇ ತಿಂಗಳಲ್ಲಿ ಬಂತು. ಪ್ರಾಜೆಕ್ಟ್ ಕೆಲಸಕ್ಕೆಂದು ಲ್ಯಾಬಿಗೆ ಬರುತ್ತಿದ್ದ ಮೂರನೇ ವರ್ಷದ ಹುಡುಗ, ಗಾನ್ಸು ಪ್ರಾಂತ್ಯದ ಹಳ್ಳಿಯವನು, ನನ್ನ ಮೇಜಿನ ಮೇಲೆ ಒಂದು ಲೋಟ ಬಿಸಿ ಹಾಲಿನ ಚಹಾ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಲ್ಯಾಬಿನ ಹಿರಿಯ ಹುಡುಗಿಯರನ್ನು ಅಲ್ಲಿ ಕಿರಿಯರು ‘ಶಿಜಿಯೆ’ ಅನ್ನುತ್ತಾರೆ, ಒಂದೇ ಗುರುವಿನ ಹತ್ತಿರ ಕಲಿಯುವ ಅಕ್ಕ ಅಂತ.

“ಅಕ್ಕ, ಈ ಸಲ ಸ್ಸಜಿ ಆಗಲೇಬೇಕು” ಅಂದ. ‘ಈ ಸಲ’ ಅನ್ನುವಾಗ ಹಿಂದಿನ ಸಲಗಳೆಲ್ಲ ಅವನ ಮುಖದ ಮೇಲೆ ಸಾಲಾಗಿ ಬಂದು ಹೋದವು.

ಸ್ಸಜಿ ಅಂದರೆ ನಾಲ್ಕನೇ ದರ್ಜೆ. ಕಾಲೇಜ್ ಇಂಗ್ಲಿಷ್ ಟೆಸ್ಟ್ ಎಂದು ಅದರ ದೊಡ್ಡ ಹೆಸರು. 1987ರಲ್ಲಿ ಶುರುವಾದದ್ದು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರಿನಲ್ಲಿ, ದೇಶದುದ್ದಕ್ಕೂ ಒಂದೇ ಗಂಟೆಗೆ ನಡೆಯುತ್ತದೆ; ಬರೆಯುವವರ ಲೆಕ್ಕ ವರ್ಷಕ್ಕೆ ಕೋಟಿ ದಾಟುತ್ತದೆ. ಬೆಳಗ್ಗೆ ನಾಲ್ಕನೇ ದರ್ಜೆ, ಮಧ್ಯಾಹ್ನ ಆರನೇ ದರ್ಜೆ. ಒಂದು, ಎರಡು, ಮೂರು, ಐದು ಎಲ್ಲಿ ಹೋದವು ಎಂದು ನಾನು ಕೇಳಿದೆ. ಮೊದಮೊದಲು ಸೆಮಿಸ್ಟರಿಗೊಂದರಂತೆ ಆರು ದರ್ಜೆಗಳನ್ನು ಮಾಡಿದ್ದರಂತೆ. ರಾಷ್ಟ್ರಮಟ್ಟದ ಪರೀಕ್ಷೆಯನ್ನು ಮಾತ್ರ ನಾಲ್ಕಕ್ಕೂ ಆರಕ್ಕೂ ಇಟ್ಟರು. ಉಳಿದ ದರ್ಜೆಗಳು ಯಾರಿಗೂ ತೊಂದರೆ ಕೊಡದೆ ಹಾಗೇ ಕಣ್ಮರೆಯಾದವು. ಇಂಥ ಸಜ್ಜನ ಪರೀಕ್ಷೆಗಳು ನಮ್ಮ ಕಡೆಯೂ ಒಂದೆರಡು ಇರಬಾರದಿತ್ತೇ ಅನ್ನಿಸಿತು.

ಒಟ್ಟು ಅಂಕ 710. ಇದೇನು ಲೆಕ್ಕವಪ್ಪಾ ಎಂದು ನಗು ಬಂತು. ಆದರೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಇಷ್ಟು ಬಂತೆಂದು ಬೀದಿಗೆಲ್ಲ ಮೈಸೂರುಪಾಕು ಹಂಚುವ ನಾಡಿನವಳು ನಗುವುದು ಯಾವ ಮುಖ ಇಟ್ಟುಕೊಂಡು? ನಮ್ಮದಕ್ಕೆ ಪ್ರಥಮ ಭಾಷೆಗೆ 125 ಅಂಕ ಎಂಬ ಕಾರಣವಾದರೂ ಉಂಟು. ಅವರದಕ್ಕೂ ಉಂಟಂತೆ, ಅದನ್ನು ಅವನು ವಿವರಿಸಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಯಿತು. ಮಾದರಿಗೆ ತೆಗೆದುಕೊಂಡ ವಿದ್ಯಾರ್ಥಿಗಳ ಸರಾಸರಿಯನ್ನು 500 ಎಂದು ನಿಲ್ಲಿಸಿ, ಅಲ್ಲಿಂದ ಎಪ್ಪತ್ತು ಎಪ್ಪತ್ತು ಅಂಕದ ಮೆಟ್ಟಿಲು ಕಟ್ಟಿದ್ದಾರೆ. ಮೇಲಕ್ಕೆ ಮೂರು ಮೆಟ್ಟಿಲು ಹತ್ತಿದರೆ 710, ಅಲ್ಲಿಗೆ ತಾರಸಿ. ಕೆಳಕ್ಕೆ ನಾಲ್ಕು ಇಳಿದರೆ 220, ಅಲ್ಲಿಗೆ ನೆಲಮಾಳಿಗೆ. ಎಲ್ಲರೂ ತಡಕಾಡುವ ಮೆಟ್ಟಿಲು ಇವೆರಡರ ನಡುವಿನ 425.

ತಮಾಷೆಯೆಂದರೆ ಕಾಗದದ ಮೇಲೆ ಈ ಪರೀಕ್ಷೆಯಲ್ಲಿ ಫೇಲಾಗುವವರೇ ಇಲ್ಲ. 2005ರ ಸುಧಾರಣೆಯಲ್ಲಿ ಪಾಸಿನ ಸರ್ಟಿಫಿಕೇಟು ತೆಗೆದುಹಾಕಿ, ಬರೀ ಅಂಕದ ಚೀಟಿ ಕೊಡುವುದು ಎಂದಾಯಿತು. ಆರನೇ ದರ್ಜೆಗೆ ಕೂರಬೇಕಾದರೆ ಮಾತ್ರ ನಾಲ್ಕರಲ್ಲಿ 425 ಇರಬೇಕು ಎಂದು ಇಟ್ಟರು. ಜನಕ್ಕೆ ಅಷ್ಟು ಸಾಕಾಯಿತು. ಕಂಪನಿಗಳು ಕೆಲಸದ ಜಾಹೀರಾತಿನಲ್ಲಿ 425 ಬರೆದವು. ಮಗ ಯಾವ ವಿಷಯ ಓದುತ್ತಾನೆಂದು ಸರಿಯಾಗಿ ಹೇಳಲಾರದ ಅಪ್ಪಂದಿರೂ 425 ಬಂತೇ ಎಂದು ಕೇಳುವುದನ್ನು ಕಲಿತರು. ಪದವಿಗೂ ಇದಕ್ಕೂ ಗಂಟು ಹಾಕಿಲ್ಲ ಎಂದು ಶಿಕ್ಷಣ ಸಚಿವಾಲಯ ಹೇಳಿದರೂ, ಆ ಗಂಟನ್ನು ಬಿಚ್ಚಲು ಎಷ್ಟೋ ಕಾಲೇಜುಗಳು ಅವಸರ ಮಾಡಲಿಲ್ಲ. ನಮ್ಮ ಹುಡುಗನಿಗೆ ಹಿಂದಿನ ಸಲ ಬಂದದ್ದು 419. “ಮೇಷ್ಟ್ರ ಹತ್ತಿರ ಹೋಗಿ ಕೇಳಿಕೊಂಡರೆ ಆರು ಅಂಕ ಕೊಡಲ್ವೇನೋ?” ಎಂದು ಅವರಮ್ಮ ಫೋನಿನಲ್ಲಿ ಕೇಳಿದ್ದರಂತೆ. ಗಾನ್ಸುವಿನ ಅಮ್ಮನಿಗೂ ನಮ್ಮ ಗುಬ್ಬಿಯ ಅಮ್ಮನಿಗೂ ಎಲ್ಲಿಯ ನಂಟೋ!

ಪಾಠ ಶುರುವಾಯಿತು. ಅವನು ಮೊದಲು ತೆಗೆದದ್ದು ಪದಕೋಶ. ನಾಲ್ಕೂವರೆ ಸಾವಿರದಷ್ಟು ಪದ ಬೇಕಂತೆ. ಪುಸ್ತಕವನ್ನು ಅಡ್ಡಲಾಗಿ ಹಿಡಿದು ನೋಡಿದರೆ ಅದರ ಚರಿತ್ರೆಯೆಲ್ಲ ತಿಳಿಯುತ್ತಿತ್ತು. ‘ಎ’ ಅಕ್ಷರದ ಹಾಳೆಗಳ ಅಂಚು ಕೈಯ ಜಿಡ್ಡಿಗೆ ಕಪ್ಪಾಗಿತ್ತು, ‘ಬಿ’ ಸ್ವಲ್ಪ ಮಾಸಿತ್ತು, ‘ಸಿ’ಯಿಂದಾಚೆ ಅಚ್ಚಿನ ಮನೆಯಿಂದ ಬಂದ ಬಿಳುಪು ಹಾಗೇ ಇತ್ತು. ಇದು ಇವನೊಬ್ಬನ ಕತೆಯಲ್ಲ. ಹಾಸ್ಟೆಲಿನ ಯಾವ ಹುಡುಗನನ್ನು ಅರ್ಧರಾತ್ರಿ ಎಬ್ಬಿಸಿ ಕೇಳಿದರೂ ಪುಸ್ತಕದ ಮೊದಲನೇ ಪದವಾದ ‘ಅಬ್ಯಾಂಡನ್’ ತಪ್ಪಿಲ್ಲದೆ ಹೇಳುತ್ತಾನೆ. ಪ್ರತಿ ಸೆಮಿಸ್ಟರಿಗೂ ಹೊಸ ಸಂಕಲ್ಪ, ಹೊಸ ಸಂಕಲ್ಪಕ್ಕೆ ಮತ್ತೆ ಮೊದಲನೇ ಪುಟ. ಪ್ರಕಾಶಕರೇನು ದಡ್ಡರೇ? ಅಕ್ಷರಕ್ರಮವನ್ನೇ ಕಲೆಸಿ ‘ಕ್ರಮ ತಪ್ಪಿಸಿದ ಆವೃತ್ತಿ’ಗಳನ್ನು ಹೊರತಂದರು. ನ್ಯೂ ಓರಿಯೆಂಟಲ್ ಕೋಚಿಂಗ್ ಸಂಸ್ಥೆ ಕಟ್ಟಿದ ಯು ಮಿನ್‌ಹೊಂಗ್ ಅವರ ಹೆಸರಿನಲ್ಲೇ ಅಂಥ ಪುಸ್ತಕ ಸಿಗುತ್ತದೆ. ಅದರಲ್ಲಿ ಮೊದಲ ಪುಟಗಳು ಕಪ್ಪಾಗುವುದು ತಪ್ಪಲಿಲ್ಲ, ಆದರೆ ಕಪ್ಪಾದ ಪುಟಗಳಲ್ಲಿ ಎಲ್ಲ ಅಕ್ಷರದ ಪದಗಳೂ ಇರುವಂತಾಯಿತು. ವಿದ್ಯಾರ್ಥಿಯ ಸ್ವಭಾವ ತಿದ್ದಲು ಹೋಗದೆ ಪುಸ್ತಕವನ್ನೇ ತಿದ್ದಿದ ಈ ಜಾಣತನಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಬೆಳಗ್ಗೆ ಏಳಕ್ಕೆ ಕ್ಯಾಂಪಸ್ಸಿನ ಕೆರೆಯ ಸುತ್ತ ಹೋದರೆ ಮರಕ್ಕೊಬ್ಬರಂತೆ ನಿಂತು ಬಾಯಿಪಾಠ ಮಾಡುತ್ತಿರುತ್ತಾರೆ. ಹೆಣ್ಣುಮಕ್ಕಳು ಗುಣುಗುಣು ಎನ್ನುತ್ತಾರೆ, ನಮ್ಮ ಹುಡುಗ ಕಿರುಚುತ್ತಾನೆ. ಕಿರುಚುವುದಕ್ಕೆ ಅವನ ಹತ್ತಿರ ಶಾಸ್ತ್ರಾಧಾರವಿತ್ತು. ಲಿ ಯಾಂಗ್ ಎಂಬಾತ ಲಾಂಝೌ ವಿಶ್ವವಿದ್ಯಾಲಯದಲ್ಲಿ ಓದುವಾಗ ಇಂಗ್ಲಿಷಿನಲ್ಲಿ ಹಿಂದೆ ಬಿದ್ದು, ಹೊರಗೆ ನಿಂತು ಗಂಟಲು ಹರಿಯುವಂತೆ ಓದಿ ಇದೇ ನಾಲ್ಕನೇ ದರ್ಜೆಯಲ್ಲಿ ಮೆರೆದನಂತೆ. ಆಮೇಲೆ ‘ಕ್ರೇಜಿ ಇಂಗ್ಲಿಷ್’ ಎಂದು ಹೆಸರಿಟ್ಟು ಸ್ಟೇಡಿಯಂ ತುಂಬ ಜನರನ್ನು ಸೇರಿಸಿ ಕಿರುಚಿಸಿದ. ಝಾಂಗ್ ಯುವಾನ್ ಎಂಬ ನಿರ್ದೇಶಕ 1999ರಲ್ಲಿ ಅವನ ಮೇಲೆ ಸಾಕ್ಷ್ಯಚಿತ್ರವನ್ನೂ ತೆಗೆದಿದ್ದಾನೆ. ಲಾಂಝೌ ಗಾನ್ಸುವಿನ ರಾಜಧಾನಿ. ಹೀಗಾಗಿ ಕಿರುಚುವ ಹಕ್ಕು ಪಿತ್ರಾರ್ಜಿತವಾಗಿ ಬಂದದ್ದು ಎಂಬಂತೆ ಇವನು ಬೆಳಬೆಳಗ್ಗೆ ‘ಎನ್ವಿರಾನ್‌ಮೆಂಟ್’ ಎಂದು ಕೂಗಿದರೆ ಕೆರೆಯ ಬಾತುಗಳು ಆಚೆ ದಡ ಸೇರುತ್ತಿದ್ದವು. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲಿನಲ್ಲಿ ದೀಪ ಆರಿಸುತ್ತಾರೆ. ಆಮೇಲಿನ ಓದೆಲ್ಲ ಹಾದಿಯ ದೀಪದಡಿ, ಬಚ್ಚಲಮನೆಯ ಬಾಗಿಲಲ್ಲಿ. ಇವತ್ತು ಇಷ್ಟು ಪದ ಕಲಿತೆ ಎಂದು ವೀಚಾಟ್‌ನಲ್ಲಿ ಹಾಜರಿ ಹಾಕುವುದು ಕೊನೆಯ ವಿಧಿ. ಅದಕ್ಕೆ ಅವರಮ್ಮನ ಲೈಕು ಬೀಳುವವರೆಗೆ ಅವನು ಮಲಗುತ್ತಿರಲಿಲ್ಲ.

ನನಗೂ ಅವನಿಗೂ ಜಟಾಪಟಿ ನಡೆದದ್ದು ಓದಿ ಉತ್ತರಿಸುವ ಭಾಗದಲ್ಲಿ. ನಾನು ನಮ್ಮ ಮೇಷ್ಟ್ರು ಹೇಳಿಕೊಟ್ಟಂತೆ ಗದ್ಯವನ್ನು ಮೊದಲಿಂದ ಓದತೊಡಗಿದೆ. ಅವನು ಗಾಬರಿಯಾದ.

“ಅಕ್ಕ, ಓದಬೇಡಿ. ಓದಿದರೆ ಗೊಂದಲ ಆಗುತ್ತೆ.”

ಅವನ ಪದ್ಧತಿಯಲ್ಲಿ ಗದ್ಯಕ್ಕೆ ಕೊನೆಯ ಪಂಕ್ತಿಯಲ್ಲಿ ಎಲೆ. ಮೊದಲು ನಾಲ್ಕು ಆಯ್ಕೆಗಳನ್ನು ಉದ್ದಗಿಡ್ಡ ನೋಡಬೇಕು. ಮೂರು ಉದ್ದ, ಒಂದು ಗಿಡ್ಡ ಇದ್ದರೆ ಗಿಡ್ಡದ್ದು. ಮೂರು ಗಿಡ್ಡ, ಒಂದು ಉದ್ದ ಇದ್ದರೆ ಉದ್ದದ್ದು. ‘ಯಾವಾಗಲೂ’, ‘ಖಂಡಿತವಾಗಿ’, ‘ಎಲ್ಲರೂ’ ಎಂದು ಜೋರು ಮಾಡುವ ಉತ್ತರ ಸುಳ್ಳು. ‘ಬಹುಶಃ’, ‘ಕೆಲವರು’ ಎಂದು ತಲೆ ತಗ್ಗಿಸಿ ನಿಂತಿರುವುದು ಸತ್ಯ. ಲೇಖಕನ ಧೋರಣೆ ಏನೆಂದು ಕೇಳಿದರೆ ‘ಉದಾಸೀನ’ ಎಂದು ಯಾವತ್ತೂ ಗುರುತು ಹಾಕಕೂಡದು, ಉದಾಸೀನ ಇರುವವನು ಲೇಖನ ಯಾಕೆ ಬರೆಯುತ್ತಾನೆ? ಈ ಕೊನೆಯ ತರ್ಕಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಹಳೆಯ ಪ್ರಶ್ನೆಪತ್ರಿಕೆಯೊಂದರಲ್ಲಿ ಒಂದು ಪ್ರಶ್ನೆಗೆ ‘ಬಿ’ ಸರಿ ಎಂದು ನಾನು, ‘ಡಿ’ ಎಂದು ಅವನು. ನಾನು ಗದ್ಯದ ಮೂರನೇ ಪ್ಯಾರಾ ಎತ್ತಿ ಸಾಕ್ಷಿ ನುಡಿಸಿದೆ, ವ್ಯಾಕರಣ ತಂದೆ, ಕೊನೆಗೆ ಭಾರತದ ಹೆಸರನ್ನೂ ಎಳೆದು ತಂದೆ. ಕೀ ಆನ್ಸರ್ ತೆಗೆದರೆ ‘ಡಿ’. ಅವನು ಗೆದ್ದವನಂತೆ ಬೀಗಲಿಲ್ಲ. “ನಿಮ್ಮದು ಇಂಗ್ಲಿಷ್ ಪ್ರಕಾರ ಸರಿ ಇರಬಹುದು ಅಕ್ಕ” ಎಂದು ಸಮಾಧಾನ ಹೇಳಿದ. ಇಂಗ್ಲಿಷ್ ಬೇರೆ, ಸ್ಸಜಿ ಬೇರೆ ಎಂಬ ಭೇದಜ್ಞಾನ ನನಗಾದದ್ದು ಅವತ್ತು. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಚಹಾ ಕುಡಿಯುವುದಷ್ಟೇ ಮಾಡಿದೆ.

ಜೂನ್ ಹತ್ತಿರ ಬಂದಂತೆ ಕ್ಯಾಂಪಸ್ಸಿನ ಅಂಗಡಿಗಳ ಮುಂದೆ ಹೆಡ್‌ಫೋನುಗಳ ರಾಶಿ ಬಿತ್ತು. ಕೇಳಿ ಬರೆಯುವ ಭಾಗಕ್ಕೆ ನೂರಕ್ಕೆ ಮೂವತ್ತೈದು ಪಾಲು ಅಂಕ. ಎಷ್ಟೋ ಕಾಲೇಜುಗಳಲ್ಲಿ ಅದನ್ನು ಎಫ್‌ಎಂ ರೇಡಿಯೋದಲ್ಲಿ ಬಿತ್ತರಿಸುತ್ತಾರೆ, ನಮ್ಮಲ್ಲೂ ಹಾಗೆಯೇ. ಪರೀಕ್ಷೆಗೆ ಮುಂಚೆ ಹುಡುಗರು ತಲೆಗೆ ಹೆಡ್‌ಫೋನು ಏರಿಸಿಕೊಂಡು, ತಿರುಪು ತಿರುಗಿಸುತ್ತ, ಯಾವ ಕಟ್ಟಡದ ಯಾವ ಮೂಲೆಯಲ್ಲಿ ಗೊರಗೊರ ಕಡಿಮೆ ಎಂದು ನೀರಿನ ಸೆಲೆ ಹುಡುಕುವವರಂತೆ ಅಲೆಯುತ್ತಾರೆ. ಬೆಳಗ್ಗೆ 10.05ಕ್ಕೆ ಕೇಳುವ ಭಾಗ ಮುಗಿದದ್ದೇ ಮೊದಲನೇ ಉತ್ತರದ ಹಾಳೆ ಕಿತ್ತುಕೊಳ್ಳುತ್ತಾರೆ. ಆಮೇಲೆ ನಿಧಾನವಾಗಿ 2ಬಿ ಪೆನ್ಸಿಲಿನಲ್ಲಿ ತುಂಬಿದರಾಯಿತು ಎಂದು ಪ್ರಶ್ನೆಪತ್ರಿಕೆಯ ಮೇಲೆ ಗೀಚಿಕೊಂಡು ಕೂತವನ ಮುಂದಿನ ಆರು ತಿಂಗಳು ಆ ಹಾಳೆಯ ಜೊತೆಗೇ ಹೋಗುತ್ತದೆ. ಪಕ್ಕದವನ ಹಾಳೆಗೆ ಕಣ್ಣು ಹಾಯಿಸಿ ಪ್ರಯೋಜನವಿಲ್ಲ. ಅವನಿಗೆ ಬಂದಿರುವ ಪತ್ರಿಕೆಯೇ ಬೇರೆ.

ಪ್ರಬಂಧಕ್ಕೂ ಅನುವಾದಕ್ಕೂ ಹದಿನೈದು ಹದಿನೈದು ಪಾಲು, ಅಂದರೆ ತಲಾ 106.5 ಅಂಕ. ಆ ಅರ್ಧ ಅಂಕ ಯಾವ ಪುಣ್ಯಕ್ಕೆ ಸಿಗುತ್ತದೋ! ಪ್ರಬಂಧದ ಚೌಕಟ್ಟು ಮೊದಲೇ ಉರು ಹೊಡೆದಿರುತ್ತಾರೆ. ‘ಸಮಾಜದ ಕ್ಷಿಪ್ರ ಅಭಿವೃದ್ಧಿಯೊಂದಿಗೆ’ ಎಂದು ಬಾಗಿಲು, ‘ಎಲ್ಲರಿಗೂ ತಿಳಿದಿರುವಂತೆ’ ಎಂದು ನಡುಮನೆ, ‘ಪ್ರತಿ ನಾಣ್ಯಕ್ಕೂ ಎರಡು ಮುಖ’ ಎಂದು ಹಿತ್ತಿಲು. ವಿಷಯ ಯಾವುದಾದರೂ ಬಂದು ನಡುವೆ ಕೂತುಕೊಳ್ಳಬಹುದು. ಹೈಸ್ಕೂಲಿನಲ್ಲಿ ಇವರೆಲ್ಲ ಲಿ ಹುವಾ ಎಂಬ ಕಾಲ್ಪನಿಕ ಹುಡುಗನ ಹೆಸರಲ್ಲಿ ಪರದೇಶದ ಗೆಳೆಯರಿಗೆ ಪತ್ರ ಬರೆದು ಬರೆದು ಬಂದವರು. ಅಷ್ಟು ವರ್ಷ, ಅಷ್ಟು ಕೋಟಿ ಪತ್ರ ಬರೆದರೂ ಆ ಬಡಪಾಯಿಗೆ ಒಬ್ಬನೂ ಉತ್ತರ ಹಾಕಲಿಲ್ಲ.

ಅನುವಾದದ ಭಾಗ 2013ರ ಕೊನೆಯಲ್ಲಿ ಈಗಿನ ರೂಪಕ್ಕೆ ಬಂತು. ನೂರೈವತ್ತು ಚೀನೀ ಅಕ್ಷರದಷ್ಟು ಒಂದು ಪ್ಯಾರಾ: ಕಾಗದ ಕತ್ತರಿಸುವ ಕಲೆ, ಕುಂಗ್‌ಫು, ಹಳದಿ ನದಿ, ಹೊಸ ವರ್ಷದ ಊಟದ ಮೀನು. ಪರದೇಶದವರು ಸಿಕ್ಕಾಗ ನಮ್ಮ ಸಂಸ್ಕೃತಿಯನ್ನು ಇಂಗ್ಲಿಷಿನಲ್ಲಿ ವಿವರಿಸಬೇಕಲ್ಲ ಎಂಬುದು ಉದ್ದೇಶ. ಪರದೇಶದವಳಾದ ನಾನು ಕಣ್ಣೆದುರೇ ಇದ್ದೆ. ಅಷ್ಟು ದಿನದಲ್ಲಿ ಯಾರೂ ನನಗೆ ಕುಂಗ್‌ಫು ವಿವರಿಸಿರಲಿಲ್ಲ. ಬಿಸಿನೀರು ಕುಡಿ, ಹೊಟ್ಟೆಗೆ ಒಳ್ಳೆಯದು ಎಂದಷ್ಟೇ ಹೇಳಿದ್ದರು, ಅದೂ ಚೀನೀ ಭಾಷೆಯಲ್ಲಿ. ನನ್ನ ಮೇಲೇ ಪ್ರಯೋಗ ಮಾಡು ಎಂದು ಹುಡುಗನನ್ನು ಒಂದು ಬೆಳಗ್ಗೆ ರೆಗಾನ್‌ಮಿಯನ್ ಅಂಗಡಿಗೆ ಕರೆದುಕೊಂಡು ಹೋದೆ. ವುಹಾನಿನ ಪ್ರಾಣ ಇರುವುದೇ ಈ ಎಳ್ಳಿನ ಗೊಜ್ಜು ಕಲೆಸಿದ, ಸಾರಿಲ್ಲದ ಬಿಸಿ ನೂಡಲ್ಸಿನಲ್ಲಿ. ಅವನು ಚಾಪ್‌ಸ್ಟಿಕ್ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಇಂಗ್ಲಿಷಿನಲ್ಲಿ ಶುರು ಮಾಡಿದ. ಸಮಾಜದ ಕ್ಷಿಪ್ರ ಅಭಿವೃದ್ಧಿಯೊಂದಿಗೆ ಹೆಚ್ಚು ಹೆಚ್ಚು ಜನರು ಬಿಸಿ ನೂಡಲ್ಸನ್ನು ಸೇವಿಸತೊಡಗಿದ್ದಾರಂತೆ. ಅದು ಪ್ರಾಚೀನ ಚೀನೀ ಜನರ ವಿವೇಕವನ್ನು ಪ್ರತಿಬಿಂಬಿಸುತ್ತದಂತೆ. ಆದರೆ ಪ್ರತಿ ನಾಣ್ಯಕ್ಕೂ ಎರಡು ಮುಖವಂತೆ. ಎರಡನೇ ಮುಖ ಯಾವುದು ಎಂದು ನಾನು ಕೇಳಿದ್ದಕ್ಕೆ ಬಹಳ ಹೊತ್ತು ಯೋಚಿಸಿ, “ಬೇಗ ಆರಿಹೋಗುತ್ತೆ” ಎಂದು ಚೀನೀ ಭಾಷೆಯಲ್ಲಿ ಹೇಳಿ ತಿನ್ನತೊಡಗಿದ. ಆ ಭಾಷಣದಲ್ಲಿ ನನಗೆ ಹಿಡಿಸಿದ್ದು ಅದೊಂದೇ ವಾಕ್ಯ.

ಪರೀಕ್ಷೆಯ ಶನಿವಾರ ಎಡೆಬಿಡದ ಮಳೆ. ಹಿಂದಿನ ರಾತ್ರಿ ಇಡೀ ಕ್ಯಾಂಪಸ್ಸು ಕೆಂಪು-ಬಿಳಿ ಕೋಯಿ ಮೀನಿನ ಚಿತ್ರವನ್ನು ಒಬ್ಬರಿಗೊಬ್ಬರು ಫಾರ್ವರ್ಡ್ ಮಾಡಿತ್ತು, ಅದೃಷ್ಟ ತರುತ್ತದಂತೆ. ವಿಜ್ಞಾನದ ಹುಡುಗರಾಗಿ ಇದೆಂಥ ಮೂಢನಂಬಿಕೆ ಎಂದುಕೊಂಡೆ, ಆದರೆ ಹಾಲ್ ಟಿಕೆಟ್ಟನ್ನು ಸಿದ್ಧಗಂಗೆಯ ಗದ್ದುಗೆಗೆ ಮುಟ್ಟಿಸಿದ್ದ ನನ್ನ ನೆನಪಾಗಿ ನಾನೂ ಆ ಮೀನನ್ನು ಅವನಿಗೇ ಕಳಿಸಿದೆ.

ಆಗಸ್ಟ್ ಕೊನೆಯಲ್ಲಿ ಅಂಕ ಬಂತು, 431. ಲ್ಯಾಬಿಗೆಲ್ಲ ಕಲ್ಲಂಗಡಿ ಕೊಯ್ದು ಹಂಚಿದ. ಹೆಚ್ಚು ಬಂದ ಆರು ಅಂಕವನ್ನು ಹಿಂದಿನ ಸಲಕ್ಕೆ ಸೇರಿಸಿಕೊಳ್ಳಬಹುದಿತ್ತು ಎಂದು ಅವರಮ್ಮ ಲೆಕ್ಕ ಹಾಕಿದರಂತೆ. 425 ದಾಟಿದವನಿಗೆ ಸಿಗುವ ಬಹುಮಾನವೆಂದರೆ ಆರನೇ ದರ್ಜೆಯ ಪರೀಕ್ಷೆಗೆ ಕೂರುವ ಭಾಗ್ಯ. ಅದರ ಪದಕೋಶ ಅವತ್ತು ಸಂಜೆಯೇ ಅವನ ಬ್ಯಾಗು ಸೇರಿತ್ತು.

ಆ ಸಂಜೆಯೇ ಅವನ ಕಣ್ಣು ನನ್ನ ಮೇಜಿನ ಮೇಲಿದ್ದ ಇನ್ನೊಂದು ಪುಸ್ತಕದ ಮೇಲೂ ಬಿತ್ತು. ಇಂಗ್ಲಿಷ್ ಮಾಧ್ಯಮದಲ್ಲಿ ಪಿಎಚ್‌ಡಿ ಮಾಡುವ ಪರದೇಶದವರೂ ಓದು ಮುಗಿಸಿ ಹೋಗುವ ಮುಂಚೆ ಚೀನೀ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆಯಲ್ಲಿ ಮೂರನೇ ಹಂತವನ್ನಾದರೂ ಮುಟ್ಟಿರಬೇಕು ಎಂಬ ನಿಯಮ 2018ರಲ್ಲಿ ಬಂದಿತ್ತು. ಈ ಪುಸ್ತಕ ಆ ಪರೀಕ್ಷೆಯದು; ಆಗ ಅದಕ್ಕೆ ಆರು ನೂರು ಪದ, 300ಕ್ಕೆ 180 ಬಂದರೆ ಪಾಸು.

ಅವನು ಪುಸ್ತಕವನ್ನು ಅಡ್ಡಲಾಗಿ ಹಿಡಿದು ಅಂಚು ನೋಡಿದ. ಏನೂ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಕೇಳಿದ:

“ಹಳೆಯ ಪ್ರಶ್ನೆಪತ್ರಿಕೆ ಎಷ್ಟು ಬಿಡಿಸಿದ್ದೀರಿ ಅಕ್ಕ?”

ಒಂದೂ ಇಲ್ಲ, ಆದರೆ ದಿನಾ ಬೆಳಗ್ಗೆ ನೂಡಲ್ಸ್ ಅಂಗಡಿಯ ಅಜ್ಜಿಯ ಜೊತೆ ಅರ್ಧ ಗಂಟೆ ಚೀನೀ ಮಾತಾಡುತ್ತೇನೆ, ಅವರ ಸೊಸೆಯ ಜಗಳವೆಲ್ಲ ನನಗೆ ಅರ್ಥವಾಗುತ್ತದೆ ಎಂದೆ.

ಅವನು ಕನಿಕರದಿಂದ ನನ್ನನ್ನು ನೋಡಿದ.

“ಸೊಸೆ ಸಿಲಬಸ್ಸಿನಲ್ಲಿ ಇಲ್ಲ ಅಕ್ಕ.”