ಸನ್ಮಾನ್ಯ ದೊಡ್ಡ ಕರುಳಿಗೆ ಅಭಿನಂದನಾ ನುಡಿ

ವೇದಿಕೆಯಲ್ಲಿ ಆಸೀನರಾಗಿರುವ ಹೃದಯದವರೇ, ಎತ್ತರದ ಪೀಠದ ಮಿದುಳಿನವರೇ, ಮುಂದಿನ ಸಾಲಿನ ಜಠರ, ಪಿತ್ತಕೋಶಾದಿ ಬಂಧುಗಳೇ,

ಇಂದಿನ ಸನ್ಮಾನಿತರು ಎಲೆಮರೆಯ ಕಾಯಿ. ಎಲೆಯ ಮೇಲೆ ಬಡಿಸಿದ್ದು ಕೊನೆಗೆ ಬಂದು ಸೇರುವುದೂ ಇವರ ಬಳಿಗೇ.

ಕನ್ನಡದಲ್ಲಿ ಕರುಳಿಗೆ ಗೌರವದ ಕೊರತೆಯಿಲ್ಲ. ಮಗು ಕರುಳ ಕುಡಿ, ಕಂಡವರ ಕಷ್ಟಕ್ಕೆ ಕರುಳು ಚುರ್ ಅನ್ನುತ್ತದೆ. ಆದರೆ ಯಾವ ಕರುಳು ಎಂದು ಯಾರೂ ಬಿಡಿಸಿ ಹೇಳಿಲ್ಲ. ಆ ಬಾಕಿಯನ್ನು ಈ ಸಭೆ ಇಂದು ತೀರಿಸುತ್ತಿದೆ.

ಹೆಸರಿಗೆ ದೊಡ್ಡವರಾದರೂ ಉದ್ದ ಸುಮಾರು 5 ಅಡಿ. 20 ಅಡಿ ಉದ್ದದವನಿಗೆ ‘ಸಣ್ಣ ಕರುಳು’ ಎಂಬ ಹೆಸರು! ಇವರ ದೊಡ್ಡತನವೆಲ್ಲ ಸುತ್ತಳತೆಯಲ್ಲಿ. ನಮ್ಮ ಅನೇಕ ಗಣ್ಯರಂತೆಯೇ.

ಸಣ್ಣ ಕರುಳು ಸತ್ವ ಹೀರಿಕೊಂಡು, ದಿನಕ್ಕೆ ಸುಮಾರು ಒಂದೂವರೆ ಲೀಟರ್ ತಿಳಿಗಂಜಿಯನ್ನು ಒನ್‌ವೇ ಕವಾಟದಿಂದ ಇತ್ತ ದಾಟಿಸಿ ಕೈತೊಳೆದುಕೊಳ್ಳುತ್ತದೆ. ನಮ್ಮವರು ಅದನ್ನು ಬಲಗಡೆ ಮೇಲೇರಿಸಿ, ಅಡ್ಡ ಹಾಯಿಸಿ, ಎಡಗಡೆ ಇಳಿಸಿ, ಹೊಟ್ಟೆಗೆ ಶಾಸ್ತ್ರೋಕ್ತ ಪ್ರದಕ್ಷಿಣೆ ಹಾಕಿಸುತ್ತಾರೆ. ದಾರಿಯುದ್ದಕ್ಕೂ ನೀರನ್ನೂ ಉಪ್ಪನ್ನೂ ರಕ್ತಕ್ಕೆ ಮರಳಿಸುತ್ತಾರೆ. ಕೊನೆಗೆ ಹೊರಹೋಗುವ ನೀರು 100–150 ಮಿ.ಲೀ. ಮಾತ್ರ. ಇವರ ಬೆಲೆ ತಿಳಿಯುವುದು ಭೇದಿ ಹತ್ತಿದ ದಿನ, ಓಆರ್‌ಎಸ್ ಲೋಟ ಹಿಡಿದು ಕೂತಾಗ.

ಬಾಡಿಗೆದಾರರ ವಿಷಯದಲ್ಲೂ ಇವರು ಉದಾರಿ. ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳಿಗೆ ಮನೆ ಕೊಟ್ಟಿದ್ದಾರೆ. ನಮಗೆ ಅರಗದ ರಾಗಿ, ಸೊಪ್ಪು, ಕಾಳುಗಳ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಮಾಲೀಕರ ಒಳಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಊಟ. ಜೊತೆಗೆ ಒಂದಿಷ್ಟು ವಿಟಮಿನ್ ಕೆ. ಹೀಗೆ ಬಾಡಿಗೆ ತಪ್ಪುವುದಿಲ್ಲ. ಹುದುಗಿದಾಗ ಹುಟ್ಟುವ ಹೈಡ್ರೋಜನ್ ಮುಂತಾದ ಅನಿಲಗಳು ಅವರೆಕಾಳಿನ ಕಾಲದಲ್ಲಿ ವಾದ್ಯಗೋಷ್ಠಿ ನಡೆಸುತ್ತವೆ, ಅಷ್ಟೇ.

ಇಂಥವರಿಗೆ ಏನು ಕೊಡೋಣ? ಶಾಲು ಹೊದಿಸೋಣವೆಂದರೆ ಒಳಮೈಗೆ ಲೋಳೆಯ ಹೊದಿಕೆ ಮೊದಲೇ ಇದೆ. ಹಾರ ಹಾಕೋಣವೆಂದರೆ ಮೈಯೇ ಮಣಿಸರದಂತೆ ಉಬ್ಬುಬ್ಬಾಗಿದೆ. ಫಲತಾಂಬೂಲ ಕೊಟ್ಟರೆ, ಯಾರು ತಿಂದರೂ ಅದರ ನಾರು ನಾಳೆ ಇವರ ಪಾಲಿಗೇ.

ಶಿಸ್ತನ್ನೂ ಹೇಳಬೇಕು. ಇಡ್ಲಿ, ಕಾಫಿ ಜಠರಕ್ಕಿಳಿದರೆ ಸಾಕು, ‘ಹೊಸ ಸರಕು ಬಂತು, ಹಳೆಯದನ್ನು ಜರುಗಿಸಿ’ ಎಂದು ಇವರಿಗೆ ಸುದ್ದಿ ಮುಟ್ಟುತ್ತದೆ. ಕೊನೆಯಲ್ಲಿ ಎರಡು ಬಾಗಿಲು. ಒಳಬಾಗಿಲು ನಮ್ಮನ್ನು ಕೇಳದೆ ಸಡಿಲುತ್ತದೆ. ಹೊರಬಾಗಿಲು ಮಾತ್ರ ನಮ್ಮ ಅಂಕೆಯಲ್ಲಿ. ಸಭಾಮರ್ಯಾದೆ ನಿಂತಿರುವುದೇ ಅದರ ಮೇಲೆ. ಹಾಗೆಂದು ಕರೆಯನ್ನು ದಿನವೂ ಮುಂದೂಡಿದರೆ, ಇವರು ತಮ್ಮ ಕರ್ತವ್ಯ ಬಿಡದೆ ನೀರು ಹೀರುತ್ತಲೇ ಹೋಗಿ ಸರಕನ್ನು ಕಲ್ಲಾಗಿಸುತ್ತಾರೆ. ಆಗ ತಪ್ಪು ಇವರದಲ್ಲ, ನಮ್ಮದು.

ಭಾಷಣ ಇನ್ನೂ ನಾಲ್ಕು ಪುಟ ಇದೆ. ಆದರೆ ಸಂಘಟಕರು ಕೊಟ್ಟ ಎರಡನೇ ಲೋಟ ಕಾಫಿಯ ಸುದ್ದಿ ಸನ್ಮಾನಿತರಿಗೆ ಮುಟ್ಟಿದಂತಿದೆ. ಒಳಬಾಗಿಲು ಸಡಿಲಿದೆ. ಸನ್ಮಾನಿತರು ಮಾತಿಗೆ ಎದ್ದಾಗ ಉಳಿದವರು ಕೂರಬೇಕೆಂಬುದು ಸಂಪ್ರದಾಯ. ನಾನು ಕೂರಲು ಹೊರಟಿದ್ದೇನೆ. ದಯವಿಟ್ಟು ದಾರಿ ಬಿಡಿ.