ಪಾಪದ ಇಲಿ

ನಮ್ಮ ಹಾಲಿನ ಮೂಲೆಯಲ್ಲೊಂದು ಗಿಟಾರ್ ಕ್ಯಾಬಿನೆಟ್ ಇದೆ. ಒಳಗೆ 12 ಇಂಚಿನ ಎರಡು ಸ್ಪೀಕರು, ಮೇಲೆ ನನ್ನಾಕೆಯ ಹಪ್ಪಳದ ಡಬ್ಬಿ. ಕಳೆದ ಭಾನುವಾರ ಹಿಂಬದಿಯ ಹಲಗೆ ಬಿಚ್ಚಿ ಧೂಳು ಹೊಡೆಯುತ್ತಿದ್ದಾಗ ಸ್ಕ್ರೂಡ್ರೈವರ್ ಜಾರಿ ಒಂದು ಸ್ಪೀಕರಿನ ಕಾಗದದ ಕೋನು ಹರಿಯಿತು. ಸರ್ರನೆ, ಎರಡು ಇಂಚು.

“ಏನಾಯ್ತ್ರೀ?”

“ಇಲಿ ಕಡಿದುಬಿಟ್ಟಿದೆ ಕಣೇ.”

ಬಾಯಿ ಜಾರಿತ್ತು. ಆ ದಿನ ಜಾರಿದ್ದು ಸ್ಕ್ರೂಡ್ರೈವರೊಂದೇ ಅಲ್ಲ.

ಹರಿದ ಕೋನೇನು ಅವಮಾನವಲ್ಲ ಎಂದು ಸಮಾಧಾನ ಮಾಡಿಕೊಂಡೆ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಬೇಕೆಂದೇ ಬ್ಲೇಡಿನಿಂದ ಸ್ಪೀಕರ್ ಕೊಯ್ದು, ಆ ಗೊರಗೊರ ಸದ್ದಿನಿಂದಲೇ ಹೆಸರು ಮಾಡಿದ. ನಾನೂ ಆಸೆಯಿಂದ ಗಿಟಾರ್ ಸಿಕ್ಕಿಸಿ ಮೀಟಿದೆ. ಬಾಣಲೆಗೆ ಸಂಡಿಗೆ ಬಿಟ್ಟ ಸದ್ದು ಬಂತು. ಮಲ್ಟಿಮೀಟರ್ ಹಿಡಿದರೆ 8 ಓಮ್ ಸ್ಪೀಕರು 6.6 ತೋರಿಸಿತು. ಮಿಕ್ಕ 1.4 ಎಲ್ಲಿ ಸೋರಿತೋ ಎಂದು ಅರ್ಧ ದಿನ ಕಂಗಾಲಾದೆ. (ಮೀಟರಿನಲ್ಲಿ ಅಷ್ಟೇ ಬರುವುದಂತೆ.)

ಎಸ್.ಪಿ. ರೋಡಿನ ರಿಪೇರಿಯವರು ನಾಡಿ ನೋಡುವ ಪಂಡಿತರ ಹಾಗೆ ಕೋನನ್ನು ಎರಡೂ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ, ಕಿವಿಗೊಟ್ಟರು.

“ಕಾಯಿಲ್ ಉಜ್ತಾ ಇಲ್ಲ ಸಾರ್, ಸುಟ್ಟೂ ಇಲ್ಲ. ಬರೀ ಪೇಪರು. ಟಿಶ್ಯೂ ಇಟ್ಟು ಫೆವಿಕಾಲ್ ತೆಳ್ಳಗೆ ಬಳೀರಿ, ಸಾಕು.”

“ಹೊಸದೇ ಹಾಕಿಬಿಟ್ಟರೆ?”

“ಒಂದು ಹೊಸದು ಒಂದು ಹಳೇದಾದ್ರೆ ಸೌಂಡ್ ಹೊಂದಲ್ಲ. ಓಮ್ ನೋಡ್ಕೊಂಡು ಜೋಡಿನೇ ತಗೋಬೇಕು.”

ಫೆವಿಕಾಲಿನ ಮಾತು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು. ‘ಜೋಡಿನೇ’ ಮಾತ್ರ ನೆಟ್ಟಿತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು ವರದಿ ಒಪ್ಪಿಸಿದೆ. ನನ್ನಾಕೆ ಹುರುಳಿಕಾಯಿ ನಾರು ತೆಗೆಯುತ್ತಲೇ ಕೇಳಿದಳು: “ಇಲಿ ಇರೋ ಮನೇಗೆ ಹೊಸ ಸ್ಪೀಕರಾ? ಮೊದಲು ಇಲಿ ಹಿಡೀರಿ.”

ಇಲ್ಲದ ಇಲಿಯನ್ನು ಎಲ್ಲಿಂದ ಹಿಡಿಯಲಿ? ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಕಳ್ಳನ ಹಾಗೆ ಕೂತು ಟಿಶ್ಯೂ ಅಂಟಿಸಿದೆ. ಸ್ಪೀಕರ್ ಹಿಂದೆ, ಹುರಿದ ಕೊಬ್ಬರಿ ಚೂರು ಸಿಕ್ಕಿಸಿದ ಬೋನು ಆಗಲೇ ಬಾಯ್ತೆರೆದು ಕೂತಿತ್ತು. ಮೂರು ದಿನ ಕಳೆದರೂ ಅದರೊಳಕ್ಕೆ ಒಂದು ಇರುವೆ ಬಿಟ್ಟರೆ ಯಾರೂ ಬರಲಿಲ್ಲ.

ನಾಲ್ಕನೆಯ ದಿನ ಅಂಟು ಒಣಗಿರಬಹುದೆಂದು ದಪ್ಪ ತಂತಿ ಮೀಟಿದೆ. ಸಂಡಿಗೆ ಸದ್ದು ಹೋಗಿತ್ತು! ಹುರುಪಿನಲ್ಲಿ ವಾಲ್ಯೂಮ್ ಏರಿಸಿ ಇನ್ನೊಮ್ಮೆ ಮೀಟಿದೆ. ಕ್ಯಾಬಿನೆಟ್ ಅದುರಿತು. ಒಳಗೆ ಬೋನು ಪಟ್ಟನೆ ಮುಚ್ಚಿಕೊಂಡಿತು.

ಅಡುಗೆಮನೆಯಿಂದ ಕೂಗು ಬಂತು: “ಬಿತ್ತೇನ್ರೀ? ತಡೀರಿ, ನೋಡ್ತೀನಿ, ಬಂದೆ!”