ಪಾಚಿಯಕ್ಕನಿಗೂ ಬ್ಯಾಕ್ಟೀರಿಯಾಣ್ಣನಿಗೂ ಬಹಿರಂಗ ಪತ್ರ

ಪಾಚಿಯಕ್ಕಾ, ಬ್ಯಾಕ್ಟೀರಿಯಾಣ್ಣಾ,

ಉಡುಪಿಯ ಕೊಳಚೆ ನೀರು ಶುದ್ಧ ಮಾಡುವ ಕೆಲಸಕ್ಕೆ ನೀವಿಬ್ಬರೂ ಜಂಟಿಯಾಗಿ ಹಾಕಿದ ಅರ್ಜಿ ಕಂಡೆ. ಮನೆ ತೆರಿಗೆ ಕಟ್ಟುವ ಹಕ್ಕಿನಿಂದ ಹೇಳುತ್ತೇನೆ: ಕೆಲಸ ಸಿಗಲಿಕ್ಕಿಲ್ಲ.

ಅರ್ಹತೆಗೇನೂ ಕೊರತೆ ಇಲ್ಲ. ಕೊಳಚೆಯ ಕಶ್ಮಲ ತಿನ್ನುವುದು ಅಣ್ಣ. ಅಣ್ಣ ಬಿಡುವ ಇಂಗಾಲದ ಡೈಆಕ್ಸೈಡನ್ನೂ ಕಶ್ಮಲದಿಂದ ಹೊರಬಿದ್ದ ಸಾರಜನಕ, ರಂಜಕಗಳನ್ನೂ ಬಿಸಿಲಿನಲ್ಲಿ ಅರಗಿಸಿಕೊಳ್ಳುವುದು ಅಕ್ಕ. ಅಣ್ಣನ ಉಸಿರಿಗೆ ಬೇಕಾದ ಆಮ್ಲಜನಕವೂ ಅಕ್ಕನದೇ. ಕ್ಯಾಲಿಫೋರ್ನಿಯಾದ ವಿಲಿಯಂ ಆಸ್ವಾಲ್ಡ್ 1950ರ ದಶಕದಲ್ಲೇ ನಿಮ್ಮನ್ನು ಕೊಳಗಳಲ್ಲಿ ದುಡಿಸಿ ತೋರಿಸಿದರು. ಬೆಂಗಳೂರಿನ ಜಕ್ಕೂರು ಕೆರೆಯಲ್ಲೂ ನಿಮಗೆ ಉದ್ಯೋಗ ಉಂಟು. ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು, ಪಾಚಿಗಳ ನಡುವೆ ಹಾದು ಕೆರೆಗಿಳಿಯುತ್ತದೆ.

ತೊಡಕಿರುವುದು ನೀವು ಸಂಬಳವೇ ಕೇಳದಿರುವುದರಲ್ಲಿ. ಸಾಮಾನ್ಯ ಘಟಕಕ್ಕೆ ತಗಲುವ ಕರೆಂಟಿನಲ್ಲಿ ಹೆಚ್ಚುಕಡಿಮೆ ಅರ್ಧ ನೀರಿಗೆ ಗಾಳಿ ಊದಲಿಕ್ಕೇ ಹೋಗುತ್ತದೆ. ನೀವು ಬಂದರೆ ಆ ಗಾಳಿಯೂದುವ ಬ್ಲೋವರ್ ಎಂತಕ್ಕೆ? ಬ್ಲೋವರ್ ಇಲ್ಲದಿದ್ದರೆ ಟೆಂಡರ್, ರಿಪೇರಿ, ರಿಪೇರಿಯ ಬಿಲ್ಲು? ಉದ್ಘಾಟನೆಯ ರಿಬ್ಬನ್ ಕಟ್ಟುವುದೆಲ್ಲಿ ಮಾರಾಯ್ರೆ? ಹಸಿರು ಹೊಂಡದೆದುರು ಫೋಟೋ ತೆಗೆಸಿಕೊಂಡ ಮುಖಂಡರನ್ನು ಸೊಳ್ಳೆ ಓಡಿಸಲು ಬಂದವರೆಂದು ಜನ ತಿಳಿದಾರು.

ನಿಮ್ಮ ಜಾತಕದಲ್ಲೂ ದೋಷಗಳಿವೆ ಅನ್ನಿ. ರಾತ್ರಿಯಾದರೆ ಅಕ್ಕನೂ ಆಮ್ಲಜನಕ ಖರ್ಚು ಮಾಡುವವರೇ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮೂರಿನ ಸೂರ್ಯ ಡ್ಯೂಟಿಗೆ ಬರುವುದು ಅಪರೂಪ. ಜಡಿಮಳೆ ನಿಮ್ಮ ಸಂಸಾರವನ್ನೇ ಕೊಚ್ಚಿಕೊಂಡು ಹೋದೀತು. ಹೊಂಡ ಆಳವಿರಬಾರದು, ಅಗಲ ಬೇಕು. ಮಣಿಪಾಲದಲ್ಲಿ ಒಂದು ಸೆಂಟ್ಸ್ ಜಾಗದ ರೇಟು ಕೇಳಿದ್ದೀರಾ? ಕಾಪುವಿಗೋ ಕಾರ್ಕಳಕ್ಕೋ ವರ್ಗ ಕೇಳಿದರೂ ನಿಮಗಿಂತ ಮೊದಲು ಲೇಔಟಿನ ಕಲ್ಲು ಹೋಗಿ ನೆಟ್ಟಿರುತ್ತದೆ. ಇನ್ನು ಬೆಳೆದು ನಿಂತ ಅಕ್ಕನನ್ನು ನೀರಿನಿಂದ ಬೇರೆ ಮಾಡುವುದೇ ದೊಡ್ಡ ಖರ್ಚು. ಅಣ್ಣನ ಜೊತೆ ಮುದ್ದೆಗಟ್ಟಿದರೆ ತಾವಾಗಿಯೇ ತಳ ಸೇರುತ್ತೀರಿ ಎನ್ನುತ್ತದೆ ವಿಜ್ಞಾನ. ನಮ್ಮಲ್ಲಿ ಕಡತಗಳು ಮಾತ್ರ ಹಾಗೆ ತಳ ಸೇರುವುದು.

ಕೆಲಸ ಸಿಗುವವರೆಗೆ ನಮ್ಮೂರಿನ ಇಂದ್ರಾಣಿ ಹೊಳೆಯಲ್ಲಿ ನಿಮ್ಮ ಬಿಟ್ಟಿ ಚಾಕರಿ ನಡೆಯಲಿ. ನಗರದ ಕೊಳಚೆ ಬಿದ್ದು ಕಪ್ಪಾದ ಆ ನೀರಿನೊಳಗೆ ಅಕ್ಕನಿಗೆ ಬೆಳಕಿಲ್ಲ, ಅಣ್ಣನಿಗೆ ಉಸಿರಿಲ್ಲ ಎಂಬ ದೂರಿದ್ದರೆ ಲಿಖಿತವಾಗಿ, ಮೂರು ಪ್ರತಿಗಳಲ್ಲಿ ಕೊಡತಕ್ಕದ್ದು.

ಇತಿ,
ಒಬ್ಬ ತೆರಿಗೆದಾರ

ವಿ.ಸೂ.: ಅಕ್ಕಾ, ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಮಾತ್ರ ಬರಬೇಡಿ. ಬ್ಲೀಚಿಂಗ್ ಪೌಡರ್ ತಂದಿಟ್ಟಾಗಿದೆ. ಅದು ತೋಡಿಗೆ ಹರಿದು ಅಣ್ಣನನ್ನೂ ಮುಗಿಸೀತು. ಆದರೆ ತೋಡು ನಮ್ಮ ಕಂಪೌಂಡಿನ ಹೊರಗಿದೆ.